ಖಾಲಿ ಬಾಗಿಲಿಗೆ ಯಾರು ಏಳುತ್ತಾರೆ

ನಮ್ಮ ಮನೆಯ ಗೇಟಿನ ಚಿಲಕ ಸಪ್ಪಳವಾದರೆ ಸಾಕು, ನಾನು ಕೂತಲ್ಲಿಂದ ನಾಲ್ಕು ಬೆರಳು ಮೇಲೇಳುತ್ತೇನೆ. ಪೂರ್ತಿ ಏಳುವುದಿಲ್ಲ, ಪೂರ್ತಿ ಕೂತೂ ಇರುವುದಿಲ್ಲ. ತ್ರಿಶಂಕುವಿನ ಹಾಗೆ ನಡುವೆ ಎಲ್ಲೋ ನಿಲ್ಲುತ್ತೇನೆ. ಮೊನ್ನೆ ಗ್ಯಾಸ್ ಸಿಲಿಂಡರ್ ತಂದವನಿಗೆ ಹೀಗೇ ಎದ್ದೆ. ಅವನು ಪಾಪ, "ಕುಂಡ್ರಿ ಸರ್, ನನಗ್ಯಾಕ ಇಷ್ಟು ಮರ್ಯಾದಿ" ಎಂದು ನಾಚಿಕೊಂಡು ಸಿಲಿಂಡರನ್ನು ಅಡಿಗೆಮನೆಯವರೆಗೂ ತಂದಿಟ್ಟು ಹೋದ. ನಿನ್ನೆ ಒಂದು ಎಮ್ಮೆ ಗೇಟಿಗೆ ಕೊಂಬು ತಿಕ್ಕಿತು. ಅದಕ್ಕೂ ಎದ್ದೆ. ನನ್ನ ಹೆಂಡತಿ ಸುವರ್ಣಾ ಒಳಗಿನಿಂದಲೇ ನೋಡಿ, "ಎಮ್ಮಿಗೆ ಚಹಾ ಇಡ್ಲೇನ್ರಿ?" ಎಂದಳು.

ಈ ಚಟ ಹುಟ್ಟಿನಿಂದ ಬಂದದ್ದಲ್ಲ. ಹುಟ್ಟಿನಿಂದ ಬಂದದ್ದು ಕೂರುವ ಚಟ. ನಾನು ಮೂವತ್ತಕ್ಕೂ ಹೆಚ್ಚು ವರ್ಷ ಡ್ರಿಲ್ ಮಾಸ್ತರನಾಗಿದ್ದವನು. ಶಿರಹಟ್ಟಿಯಲ್ಲಿ ಕೆಲವು ವರ್ಷ, ಮುಂಡರಗಿಯಲ್ಲಿ ಕೆಲವು ವರ್ಷ, ಕೊನೆಗೆ ಗದಗಿನಲ್ಲಿ. ಮೈದಾನದ ಬೇವಿನ ಮರದ ನೆರಳಿಗೆ ಕುರ್ಚಿ ಹಾಕಿಸಿಕೊಂಡು, ಬಾಯಲ್ಲಿ ಸೀಟಿ ಇಟ್ಟುಕೊಂಡು, ಬಿಸಿಲಿನಲ್ಲಿ ನಿಂತ ಮಕ್ಕಳಿಗೆ ಆರೋಗ್ಯದ ಮಹತ್ವ ಹೇಳಿಕೊಟ್ಟವನು. ಒಮ್ಮೆ ಶಾಲೆ ನೋಡಲು ಬಂದ ಸಾಹೇಬರು "ನಿಮ್ಮಲ್ಲಿ ಡ್ರಿಲ್ ಮಾಸ್ತರು ಯಾರು?" ಎಂದರು. ನಾನು ಎದ್ದು ನಿಂತೆ. ಅವರು ನನ್ನ ಹೊಟ್ಟೆಯ ಕಡೆ ನೋಡಿ, "ಇವರು ಬಿಸಿಯೂಟದವರು ಅಂದ್ಕೊಂಡಿದ್ದೆ" ಎಂದರು. ಸ್ಟಾಫ್ ರೂಮಿನಲ್ಲಿ ಆ ಮಾತು ನಾನು ನಿವೃತ್ತನಾಗುವವರೆಗೂ ಬದುಕಿತ್ತು.

ಅಂಥ ಡ್ರಿಲ್ ಮಾಸ್ತರನಿಗೆ, ಸಾವಿರಾರು ಮಕ್ಕಳನ್ನು ಒಂದು ಸೀಟಿಗೆ ಏಳಿಸಿ ಕೂರಿಸಿದವನಿಗೆ, ತನ್ನ ಹಡೆದವ್ವನನ್ನು ಒಂದು ಕುರ್ಚಿಯಿಂದ ಏಳಿಸಲು ಆಗಲಿಲ್ಲ. ನಾನು ಹೇಳಹೊರಟದ್ದು ಈ ಕತೆಯನ್ನೇ. ಎಮ್ಮೆ ನಡುವೆ ಬಂತು.

ನಾವಿರುವುದು ಬೆಟಗೇರಿಯಲ್ಲಿ. ಅವ್ವನಿಗೆ ಎಂಬತ್ತು. ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಬಚ್ಚಲ ಹೊಸ್ತಿಲಲ್ಲಿ ಜಾರಿ ಬಿದ್ದಳು. ಎಲುಬು ಮುರಿಯಲಿಲ್ಲ. "ಮುರೀತೈತೇನು? ಜ್ವಾಳದ ರೊಟ್ಟಿ ತಿಂದ ಎಲುಬದು" ಎಂದು ಬಿದ್ದಲ್ಲಿಂದಲೇ ಹೇಳಿದಳು. ಆದರೆ ಮೂರು ವಾರ ಹಾಸಿಗೆ ಹಿಡಿದದ್ದೇ ನೆಪ, ಎಲುಬು ಗಟ್ಟಿಯಿದ್ದರೂ ಅದನ್ನು ಹೊತ್ತು ತಿರುಗುವ ಶಕ್ತಿ ಕಾಲಿನಿಂದ ಇಳಿದುಹೋಗಿತ್ತು. ಗದಗಿನ ಡಾಕ್ಟರರು ತೊಡೆ ಮುಟ್ಟಿ ನೋಡಿ, "ಇದಕ್ಕ ಗುಳಿಗಿ ಇಲ್ಲ. ಮನ್ಯಾಗ ದಿನಾ ವ್ಯಾಯಾಮ ಮಾಡಸ್ರಿ. ಇಲ್ಲಂದ್ರ ಎರಡು ತಿಂಗಳದಾಗ ಹಾಸಿಗಿನ ಕಾಯಂ ಆಗ್ತೈತಿ" ಎಂದರು.

ನಾನು ಬುದ್ಧಿವಂತ. ವ್ಯಾಯಾಮಕ್ಕಿಂತ ಮೊದಲು ಒಂದು ಕಮೋಡ್ ಕುರ್ಚಿ ತಂದೆ. ಕೈಯಿಟ್ಟುಕೊಳ್ಳಲು ಎರಡು ಕಡೆ ದಪ್ಪ ಹಿಡಿಕೆ, ನಡುವೆ ಮುಚ್ಚಳ, ಮುಚ್ಚಳದ ಕೆಳಗೆ ಬಕೀಟು. ಪಡಸಾಲೆಯಲ್ಲಿ ಅವ್ವನ ಮಂಚದ ಪಕ್ಕ ಇಟ್ಟೆ.

"ಇದ್ಯಾರಿಗೋ ಈರಪ್ಪಾ?" ಎಂದಳು ಅವ್ವ.

"ನಿನಗ. ಹಿತ್ತಲಕ್ಕ ಹೋಗೂದು ನಿನಗ ತ್ರಾಸ ಅಕ್ಕೈತಿ, ಅದಕ್ಕ..."

"ಪಡಸಾಲ್ಯಾಗ ಕುಂತು, ಹೋಗೂ ಬರೂ ಮಂದಿ ಮುಂದ?" ಅವ್ವ ಕುರ್ಚಿಯನ್ನು ಮೇಲಿನಿಂದ ಕೆಳಗೆ ನೋಡಿದಳು. "ನಂದು ನಾ ಎದ್ದು ಹೋಗ್ತೀನಿ. ಅಲ್ಲೀಮಟಾ ನೀವು ಗಂಡ-ಹೆಂಡ್ತಿ ಹಿಡ್ಕೊಂಡು ಹೋಗ್ರಿ. ಇದರ ಮ್ಯಾಲ ಮಾತ್ರ ನಾ ಕುಂಡ್ರಾಂಗಿಲ್ಲ. ಕುಂಡ್ರಿಸಿದ ದಿನಾ ನಾ ಮುಗೀತು ಅಂತ ತಿಳ್ಕೊ."

ಹಿತ್ತಲಿನ ಆ ಕೊನೆಯ ಪಾಯಖಾನೆಗೆ ಇಪ್ಪತ್ತು ಹೆಜ್ಜೆ. ಒಂದು ತೋಳು ನಾನು, ಇನ್ನೊಂದು ತೋಳು ಸುವರ್ಣಾ ಹಿಡಿದು ನಡೆಸುತ್ತಿದ್ದೆವು. ಹೋಗುವಾಗ ಬರುವಾಗ ಅವ್ವ ಕಣ್ಣು ಮುಚ್ಚಿಕೊಂಡಿರುತ್ತಿದ್ದಳು. ಕಾಲು ಜಾರಬಾರದೆಂದು ನಾವು ಕಣ್ಣು ಬಿಟ್ಟುಕೊಂಡು ನಡೆದರೆ, ತನ್ನನ್ನು ಹೀಗೆ ಒಯ್ಯುವುದನ್ನು ತಾನೇ ನೋಡಬಾರದೆಂದು ಅವಳು ಮುಚ್ಚಿಕೊಂಡಿದ್ದಳು. ಕಮೋಡ್ ಕುರ್ಚಿಗೆ ಸುವರ್ಣಾ ಒಂದು ಬಣ್ಣಬಣ್ಣದ ಕೌದಿ ಹೊದಿಸಿ ಮೂಲೆಗೆ ಸರಿಸಿದಳು. ಹೊದಿಸಿದ ಮೇಲೆ ಅದು ಎಷ್ಟು ಚಂದ ಕಾಣತೊಡಗಿತೆಂದರೆ, ಬಂದವರೆಲ್ಲ ನಮ್ಮ ಹಳೆಯ ಸೋಫಾ ಬಿಟ್ಟು ಅದರ ಕಡೆಗೇ ಹೋಗುತ್ತಿದ್ದರು.

ಮಂಗಳವಾರ ವ್ಯಾಯಾಮದ ಡಾಕ್ಟರಬಾಯಿ ಬಂದರು. ಮಲ್ಲಸಮುದ್ರದಿಂದ ಸ್ಕೂಟರಿನಲ್ಲಿ ವಾರಕ್ಕೊಮ್ಮೆ ಬರುವ ಮಾತಾಗಿತ್ತು. ಶಾಂತ ಸ್ವಭಾವದ ಹೆಣ್ಣುಮಗಳು. ಒಂದು ಕಾಗದ ತಂದು ಗೋಡೆಗೆ ಅಂಟಿಸಿದರು. ಕಾಗದದ ತುಂಬ ಕಡ್ಡಿಯಂಥ ಒಬ್ಬ ಮನುಷ್ಯ ಕುರ್ಚಿಯಿಂದ ಏಳುತ್ತಿದ್ದಾನೆ, ಹಿಮ್ಮಡಿ ಎತ್ತುತ್ತಿದ್ದಾನೆ, ಒಂದು ಕಾಲ ಮೇಲೆ ನಿಂತಿದ್ದಾನೆ.

"ಇಂವಗ ಮನ್ಯಾಗ ಊಟಕ್ಕ ಹಾಕೂದಿಲ್ಲೇನು?" ಎಂದು ಅವ್ವ ಮರುಗಿದಳು.

"ಅಜ್ಜೀ, ಎಲ್ಲಾಕ್ಕಿಂತ ದೊಡ್ಡ ವ್ಯಾಯಾಮ ಇದು ಒಂದ. ಕುರ್ಚಿ ಮ್ಯಾಲಿಂದ ಏಳೂದು, ಕುಂಡ್ರೂದು. ಹತ್ತು ಸಲ. ಮುಂಜಾನಿ ಒಮ್ಮೆ, ಸಂಜಿಕ ಒಮ್ಮೆ. ಇದು ಬಂತಂದ್ರ ನಡಿಯೂದು ತಾನ ಬರ್ತೈತಿ," ಎಂದರು ಡಾಕ್ಟರಬಾಯಿ. ಅವ್ವನನ್ನು ಹಿಡಿಕೆಯಿದ್ದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, "ಹೂಂ, ಏಳ್ರಿ" ಎಂದರು.

ಅವ್ವ ಬಾಗಿಲ ಕಡೆ ನೋಡಿದಳು. "ಯಾರು ಬಂದ್ರು?"

"ಯಾರೂ ಬಂದಿಲ್ಲ. ನೀವು ಏಳ್ರಿ."

"ಯಾರೂ ಬಂದಿಲ್ಲಂದ್ರ ಯಾಕ ಏಳ್ಲಿ?"

"ಕಾಲಿಗೆ ಶಕ್ತಿ ಬರಾಕ ಅಜ್ಜೀ."

"ಹಿರ್ಯಾರು ಬಂದ್ರ ಏಳಬೇಕು. ಖಾಲಿ ಬಾಗಲಕ್ಕ ಎದ್ದು ನಿಂದ್ರಾಕ ನನಗೇನು ಹುಚ್ಚು ಹಿಡದೈತೇನು? ನೋಡಿದವ್ರು ಏನಂದಾರು?"

ಆಗ ನನ್ನೊಳಗಿನ ಡ್ರಿಲ್ ಮಾಸ್ತರ ಎಚ್ಚರಗೊಂಡ. ಪೆಟ್ಟಿಗೆಯಿಂದ ಹಳೆಯ ಸೀಟಿ ತೆಗೆದು, ಎದೆಯುಬ್ಬಿಸಿ ಊದಿದೆ. ಎದುರು ಮನೆಯ ಕೈಮಗ್ಗದ ಸಪ್ಪಳ ಒಂದು ಕ್ಷಣ ನಿಂತಿತು. ಅವ್ವ ಏಳಲಿಲ್ಲ. "ಆ ಪೀಪಿ ಒಳಗಿಡು," ಎಂದಳು. "ನಿನ್ನ ಹಡಿಯುವಾಗನೂ ನನಗ ಇಷ್ಟು ಸಿಟ್ಟು ಬಂದಿದ್ದಿಲ್ಲ."

ಆ ವಾರವೆಲ್ಲ ನಾನು ಪಟ್ಟ ಪಾಡು ಕೇಳಬೇಡಿ. ಸಾವಧಾನ್ ಎಂದೆ, ವಿಶ್ರಾಮ್ ಎಂದೆ. ವಿಶ್ರಾಮ್ ಮಾತ್ರ ಪಾಲಿಸಿದಳು. ನಾನೇ ಮಾಡಿ ತೋರಿಸಲು ಹೋಗಿ ಏಳನೆಯ ಸಲಕ್ಕೆ ಕುರ್ಚಿ ನನ್ನ ಜೊತೆಗೇ ಎದ್ದು ಬಂತು. ಹಿಡಿಕೆಯ ನಡುವೆ ನಾನು ಸಿಕ್ಕಿಕೊಂಡಿದ್ದೆ. ಸುವರ್ಣಾ ಕುರ್ಚಿಯ ಕಾಲು ಹಿಡಿದು ಜಗ್ಗಿ ಬಿಡಿಸಿದಳು. ಅವ್ವ ತಣ್ಣಗೆ, "ವ್ಯಾಯಾಮ ಯಾರಿಗೆ ಬೇಕಾಗೇತಿ ಅಂತ ಡಾಕ್ಟರಬಾಯಿಗೆ ಹೇಳ್ತೀನಿ ತಡಿ" ಎಂದಳು.

ಒಂದು ಸಂಜೆ ನಾನು ಬೇಸತ್ತು ಕೇಳಿದೆ: "ಅವ್ವಾ, ನೀ ಯಾರು ಬಂದ್ರ ಏಳ್ತಿ, ಅದರ ಹೇಳು."

ಅವ್ವ ಬೆರಳು ಮಡಚುತ್ತ ಹೋದಳು. ಅತ್ತೆ, ಮಾವ, ದೊಡ್ಡ ಭಾವ, ಲಕ್ಷ್ಮೇಶ್ವರದ ತನ್ನ ಅಣ್ಣ. ನಾಲ್ಕು ಬೆರಳು ಮಡಚಿ ನಿಲ್ಲಿಸಿದಳು. "ನಾ ಏಳಬೇಕಾದವ್ರೆಲ್ಲಾ ತಾವ ಎದ್ದು ಹೋದ್ರು" ಎಂದಳು. ಅವಳು ಐದನೆಯ ಬೆರಳನ್ನು ಮರೆತಿದ್ದಳು, ನಾನೂ ಮರೆತಿದ್ದೆ.

ಐದನೆಯ ಬೆರಳೆಂದರೆ ಸಣ್ಣಜ್ಜ. ನಮ್ಮ ಮನೆಯಿಂದ ಮೂರು ಮನೆ ಆಚೆ ಇರುತ್ತಾನೆ. ನನ್ನ ಅಜ್ಜನ ಕೊನೆಯ ತಮ್ಮ, ಅಂದರೆ ಅವ್ವನಿಗೆ ವರಸೆಯಲ್ಲಿ ಮಾವ. ವಯಸ್ಸು ಅರವತ್ತಾರು. ಸೊಸೆಗಿಂತ ಹದಿನಾಲ್ಕು ವರ್ಷ ಸಣ್ಣ ಮಾವ. ಈಗಿನವರಿಗೆ ಇದು ಒಗಟಿನಂತೆ ಕಾಣಬಹುದು. ಆ ಕಾಲದ ದೊಡ್ಡ ಮನೆಗಳಲ್ಲಿ ಅತ್ತೆಯ ಬಾಣಂತನ, ಸೊಸೆಯ ಬಾಣಂತನ ಹಿಂದೆಮುಂದೆ ಆಗುತ್ತಿದ್ದವು. ಅವ್ವ ಹದಿನೈದರ ಮದುಮಗಳಾಗಿ ಮನೆ ಸೇರಿದಾಗ ಸಣ್ಣಜ್ಜ ವರ್ಷದ ಕೂಸು. ಅವನ ತಾಯಿಗೆ ಮೈಯಲ್ಲಿ ಹುಷಾರಿರಲಿಲ್ಲ. ಕೂಸನ್ನು ತಂದು ಹೊಸ ಸೊಸೆಯ ಸೊಂಟಕ್ಕೆ ಹತ್ತಿಸಿದರು. ಹೀಗೆ ಅವ್ವ ತನ್ನ ಮಾವನನ್ನು ಎರೆದು, ಉಣಿಸಿ, ಕಿವಿ ಹಿಂಡಿ ಬೆಳೆಸಿದಳು.

ನನಗೂ ಅವನಿಗೂ ಐದೇ ವರ್ಷದ ಅಂತರ. ಚಿಣಿದಾಂಡು ಆಡುವಾಗ ಮೋಸ ಮಾಡಿ, ಕೇಳಿದರೆ ನನ್ನ ತಲೆಗೆ ಕುಟ್ಟುತ್ತಿದ್ದ. ದಸರೆಯ ಸಂಜೆ ಬನ್ನಿ ಕೊಟ್ಟು ಹಿರಿಯರ ಕಾಲಿಗೆ ಬೀಳುವಾಗ, ಅದೇ ಕುಟ್ಟಿಸಿಕೊಂಡ ತಲೆಯನ್ನು ಅವನ ಕಾಲಿಗೆ ಹಚ್ಚಬೇಕಿತ್ತು. ಅವನೋ ಜಾರುವ ಚಡ್ಡಿ ಹಿಡಿದುಕೊಂಡೇ "ದೊಡ್ಡಾಂವ ಆಗು" ಎಂದು ಆಶೀರ್ವಾದ ಮಾಡುತ್ತಿದ್ದ. ಶಾಲೆಯಲ್ಲಿ "ನಮ್ಮಜ್ಜ ಏಳನೇತ್ತಾ ಫೇಲಾದ" ಎಂದು ನಾನು ಹೇಳಿದರೆ ಮಾಸ್ತರರು ಗೊಂದಲಕ್ಕೆ ಬೀಳುತ್ತಿದ್ದರು.

ಮುಂದೆ ಅವನು ಗದಗ-ಲಕ್ಷ್ಮೇಶ್ವರ ಬಸ್ಸಿನ ಕಂಡಕ್ಟರನಾದ. ನೌಕರಿಯ ಮೊದಲ ದಿನ ಖಾಕಿ ಹಾಕಿಕೊಂಡು, ಹೆಗಲಿಗೆ ಚೀಲ ಇಳಿಬಿಟ್ಟು ಮನೆಯೊಳಗೆ ಬಂದದ್ದು ನನಗೆ ಚೆನ್ನಾಗಿ ನೆನಪಿದೆ. ನನಗಾಗ ಹದಿನಾರು. ಅವ್ವ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಹಿಂದಿನ ದಿನವಷ್ಟೇ, ಕೊಡದ ನೀರು ಚೆಲ್ಲಿದ್ದಕ್ಕೆ ಅವನಿಗೆ ಓಣಿಗೆಲ್ಲ ಕೇಳುವಂತೆ ಬೈದಿದ್ದಳು. ಈಗ ಖಾಕಿ ಕಂಡವಳೇ ಮೊರ ಕೆಳಗಿಟ್ಟು, ಸೆರಗು ತಲೆಯ ಮೇಲೆ ಎಳೆದುಕೊಂಡು, ಎದ್ದು ಗೋಡೆಗೆ ಸರಿದು ನಿಂತಳು. ಮಾವ ದುಡಿಯುವ ಗಂಡಸಾಗಿದ್ದ. ಸಣ್ಣಜ್ಜ ಯಾರು ಬಂದರೆಂದು ಗಾಬರಿಯಾಗಿ ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ.

ಅಂದಿನಿಂದ ಅವ್ವ ಅವನೆದುರು ಕೂತಿಲ್ಲ. ನೇರವಾಗಿ ಮಾತಾಡಿಲ್ಲ, ಹೇಳುವುದೇನಿದ್ದರೂ "ಮಾವಾರಿಗೆ ಹೇಳು" ಎಂದು ನನ್ನ ಮೂಲಕವೋ ಸುವರ್ಣಾಳ ಮೂಲಕವೋ. ಅವನ ಹೆಸರು ಗುರಪ್ಪ. ಮಾವನ ಹೆಸರು ಹಿಡಿಯುವಂತಿಲ್ಲ. ನನ್ನ ಮಗನಿಗೆ ಗುರುರಾಜ ಎಂದಿಡೋಣವೆಂದಾಗ, "ಇಡ್ರಿ, ನಾ ಅವನನ್ನ ಏ ಹುಡುಗಾ ಅಂತ ಕರೀತೀನಿ" ಎಂದಳು. ಹೆಸರು ಬದಲಾಯಿತು. ಸಣ್ಣಜ್ಜ ಒಮ್ಮೆ ನನಗೆ ಹೇಳಿದ್ದ: "ಅವತ್ತು ನೌಕರಿ ಬಂತು ಈರಪ್ಪಾ, ಬಯ್ಯಾಕಿ ಹೋದ್ಲು." ನಗುತ್ತಲೇ ಹೇಳಿದ. ನಾನೂ ನಕ್ಕು ಬಿಟ್ಟುಬಿಟ್ಟಿದ್ದೆ.

ಅವ್ವ ಬಿದ್ದ ಮೇಲೆ ಅವನು ನಮ್ಮ ಮನೆಯೊಳಗೆ ಬರುವುದನ್ನೇ ನಿಲ್ಲಿಸಿದ್ದ. ತಾನು ಬಂದರೆ ಅವಳು ಏಳಲು ಒದ್ದಾಡುತ್ತಾಳೆಂದು ದಿನಾ ಗೇಟಿನ ಹೊರಗೇ ನಿಂತು ಸಮಾಚಾರ ಕೇಳಿ ಹೋಗುತ್ತಿದ್ದ. ಎರಡನೆಯ ಮಂಗಳವಾರ ಡಾಕ್ಟರಬಾಯಿಯ ಸ್ಕೂಟರು ಕಂಡು, ಅವ್ವನಿಗೆ ಏನೋ ಹೆಚ್ಚುಕಡಿಮೆಯಾಗಿದೆಯೆಂದು ಹೆದರಿ, ಚಿಲಕ ತೆಗೆದು ಒಳಗೇ ಬಂದುಬಿಟ್ಟ.

ಡಾಕ್ಟರಬಾಯಿ ಆಗಷ್ಟೇ ಹದಿನೈದನೆಯ ಸಲ "ಏಳ್ರಿ ಅಜ್ಜೀ" ಎಂದು ಸೋತು ಕೂತಿದ್ದರು. ಬಾಗಿಲಲ್ಲಿ ಸಣ್ಣಜ್ಜ ಕಾಣಿಸಿಕೊಂಡ. ಅವ್ವನ ಎರಡೂ ಕೈ ಕುರ್ಚಿಯ ಹಿಡಿಕೆಯ ಮೇಲೆ ಬಂದವು. ತುಟಿ ಬಿಗಿಯಾಯಿತು. ನಾನು ಹಿಡಿಯಲು ಹೋಗುವಷ್ಟರಲ್ಲಿ ಅವ್ವ ಎದ್ದು ನಿಂತಿದ್ದಳು, ತಲೆಯ ಮೇಲೆ ಸೆರಗು ಸಮೇತ. ಕಾಲು ನಡುಗುತ್ತಿತ್ತು, ಆದರೆ ನಿಂತಿದ್ದಳು. ಡಾಕ್ಟರಬಾಯಿಯ ಕೈಯಲ್ಲಿದ್ದ ಪೆನ್ನು ಕೆಳಗೆ ಬಿತ್ತು.

"ಇವ್ರು ಯಾರ್ರಿ?" ಎಂದರು.

"ನಮ್ಮ ಸಣ್ಣಜ್ಜ" ಎಂದೆ.

"ದಿನಾ ಎಷ್ಟು ಸಲ ಬರಬಹುದು?"

ಸಣ್ಣಜ್ಜನನ್ನು ಹೊರಗೆ ಕರೆದು ವಿಷಯ ತಿಳಿಸಿದೆವು. ಅವನು ಒಂದು ಕ್ಷಣವೂ ಯೋಚಿಸಲಿಲ್ಲ. "ಹತ್ತೂದು ಇಳಿಯೂದು ನನಗೇನು ಹೊಸಾದೇನು? ಮುಂಜಾನಿ ಹತ್ತು ಟ್ರಿಪ್, ಸಂಜಿಕ ಹತ್ತು ಟ್ರಿಪ್. ರೈಟ್" ಎಂದ.

ಮರುದಿನದಿಂದ ಶುರುವಾಯಿತು. ಸಣ್ಣಜ್ಜ ಚಿಲಕ ತೆಗೆದು ಬರುತ್ತಿದ್ದ. ಅವ್ವ ಏಳುತ್ತಿದ್ದಳು. ಅವನು ಐದು ಎಣಿಸಿ ಹೊರಗೆ ಹೋಗುತ್ತಿದ್ದ. ಅವ್ವ ಕೂರುತ್ತಿದ್ದಳು. ಮತ್ತೆ ಚಿಲಕ. ಬಿದ್ದರೆ ಹಿಡಿಯಲೆಂದು ಪ್ರತಿ ಸಪ್ಪಳಕ್ಕೆ ಅವಳ ಜೊತೆ ನಾನೂ ಅರ್ಧ ಏಳುತ್ತಿದ್ದೆ. ಇದೆಲ್ಲ ಅವ್ವನಿಗೆ ತಿಳಿಯದಂತೆ ನಡೆಸುತ್ತಿದ್ದೇವೆಂದು ನಾನು ಒಳಗೊಳಗೇ ಬೀಗುತ್ತಿದ್ದೆ. ಮೂರನೆಯ ಟ್ರಿಪ್ಪಿಗೆ ಅವ್ವ ನನ್ನನ್ನು ಕರೆದು, "ಇದು ನಿನ್ನ ಡ್ರಿಲ್ ಹೌದಲ್ಲೋ?" ಎಂದಳು. ನಾನು ತಲೆ ತಗ್ಗಿಸಿದೆ.

"ಗೊತ್ತಿದ್ದೂ ಏಳಾಕ್ಹತ್ತೀಯಲ್ಲವ್ವಾ?"

"ಮತ್ತ? ಡ್ರಿಲ್ ನಿಂದು ಇರಬಹುದು, ಬಂದಾವ್ರು ಮಾವಾರಲ್ಲೇನು?" ಎಂದಳು. ಅಷ್ಟರಲ್ಲಿ ಚಿಲಕ ಸಪ್ಪಳವಾಯಿತು. ಮಾತು ಅರ್ಧಕ್ಕೆ ಬಿಟ್ಟು ಎದ್ದಳು.

ತೊಂದರೆಯಾದದ್ದು ಬೇರೆ ಕಡೆ. ಮನೆಗೆ ಬಂದ ಹಿರಿಯರನ್ನು ಬರೀ ಬಾಯಲ್ಲಿ ಕಳಿಸುವುದು ಅವ್ವನಿಗೆ ಗೊತ್ತಿಲ್ಲ. ಪ್ರತಿಸಲ ಎದ್ದು ನಿಂತು, "ಸುವರ್ಣಾ, ಮಾವಾರು ಬಂದಾರ, ಚಹಾ ತಾ" ಎನ್ನುತ್ತಿದ್ದಳು. ಹತ್ತು ಟ್ರಿಪ್ಪಿಗೆ ಹತ್ತು ಚಹಾ. ಮೊದಲ ದಿನ ಸಣ್ಣಜ್ಜ ಆರರವರೆಗೆ ಕುಡಿದ. ಏಳನೆಯ ಟ್ರಿಪ್ಪಿಗೆ ಬರಬೇಕಾದವನು ಬರಲಿಲ್ಲ. ನೋಡಿದರೆ ನಮ್ಮ ಹಿತ್ತಲಿನ ಕಡೆಗೆ ಅವಸರದಲ್ಲಿ ಹೋಗುತ್ತಿದ್ದ. ಆಮೇಲೆ ಸುವರ್ಣಾ ಒಂದು ದಾರಿ ಹುಡುಕಿದಳು. ಒಂದೇ ಕಪ್ ಚಹಾ, ಟ್ರಿಪ್ಪಿಗೆ ಒಂದು ಗುಟುಕು. ಹತ್ತನೆಯ ಟ್ರಿಪ್ಪಿಗೆ ಅವನು ಉಳಿದ ಚಹಾ ಹಿಡಿದು ಕೌದಿ ಹೊದಿಸಿದ ಆ ಚಂದದ ಕುರ್ಚಿಯಲ್ಲಿ ಕೂರುತ್ತಿದ್ದ. "ಭಾರಿ ಆರಾಮ ಐತಿ ಬಿಡು ಈ ಕುರ್ಚಿ" ಎನ್ನುತ್ತಿದ್ದ. ಮೊದಲ ದಿನವೇ ಹೇಳಬೇಕಿತ್ತು. ಹೇಳಲಿಲ್ಲ. ಎರಡನೆಯ ದಿನ ಹೇಳಿದರೆ ಮೊದಲ ದಿನ ಯಾಕೆ ಹೇಳಲಿಲ್ಲ ಎನ್ನುತ್ತಾನೆ. ಹೀಗೆ ದಿನ ಕಳೆದಂತೆ ಆ ಸತ್ಯ ಹೇಳಲಾರದಷ್ಟು ದೊಡ್ಡದಾಗುತ್ತ ಹೋಯಿತು. ಅವನು ಕೂತ ಕೂಡಲೇ, ಮಾವನೆದುರು ಕೂರಲಾಗದ ಅವ್ವ ಗೋಡೆ ಹಿಡಿದು ಅಡಿಗೆಮನೆಗೆ ನಡೆಯುತ್ತಿದ್ದಳು. ಹನ್ನೆರಡು ಹೆಜ್ಜೆ. ಡಾಕ್ಟರಬಾಯಿ ಅದನ್ನೂ ತಮ್ಮ ವಹಿಯಲ್ಲಿ ಬರೆದುಕೊಂಡರು.

ಓಣಿಯ ಕಣ್ಣಿಗೆ ಇದೆಲ್ಲ ಬೇರೆಯೇ ಕಂಡಿತ್ತು. ದಿನಕ್ಕೆ ಇಪ್ಪತ್ತು ಸಲ ಒಬ್ಬ ಹಿರಿಯ ಮನುಷ್ಯ ಒಂದು ಮನೆಗೆ ಹೋಗಿ, ಕೂರದೆ, ಹೊರಗೆ ಬರುತ್ತಾನೆಂದರೆ ಅರ್ಥವೇನು? ಎದುರಿನ ಮಗ್ಗದ ಮಲ್ಲೇಶಪ್ಪ ನನ್ನನ್ನು ಮೆಲ್ಲಗೆ ಕೇಳಿದ: "ಮಾಸ್ತರ, ಮನ್ಯಾಗ ಪಾಲು ನಡದೈತೇನ್ರಿ?" ನಾನು ವ್ಯಾಯಾಮ ಎಂದೆ. "ಹೌದ್ ಬಿಡ್ರಿ, ಎಲ್ಲಾರ ಮನ್ಯಾಗೂ ಇರತೈತಿ ಈ ವ್ಯಾಯಾಮ" ಎಂದು ಸಮಾಧಾನ ಹೇಳಿದ. ನಾಲ್ಕು ದಿನಕ್ಕೆ ಮುಂಡರಗಿಯಿಂದ ನನ್ನ ತಂ‌ಗಿಯ ಫೋನು ಬಂತು: "ಅಣ್ಣಾ, ಸಣ್ಣಜ್ಜ ದಿನಾ ಬಂದು ಜಗಳಾ ತಗೀತಾನಂತಲ್ಲೋ, ಖರೇ ಏನು?"

ಆರು ವಾರವಾದ ಮೇಲೆ ಒಂದು ಮುಂಜಾನೆ ನಾನು ಏಳುವಷ್ಟರಲ್ಲಿ ಅವ್ವನ ಮಂಚ ಖಾಲಿಯಿತ್ತು. ಸುವರ್ಣಾಳನ್ನು ಎಬ್ಬಿಸಿ ಹಿತ್ತಲಿಗೆ ಓಡಿದೆ. ಆ ಕೊನೆಯ ಬಾಗಿಲು ಹಾಕಿತ್ತು, ಒಳಗಿನಿಂದ ಅಗುಳಿ ಬಿದ್ದಿತ್ತು. ಇಬ್ಬರೂ ಹೊರಗೆ ನಿಂತೆವು. ನಮ್ಮ ಕಾಲಿನ ಸಪ್ಪಳ ಕೇಳಿ ಅವ್ವ ಒಳಗಿನಿಂದಲೇ, "ಯಾಕ ನಿಂತೀರಿ ಅಲ್ಲಿ? ಒಳಗೇನು ಮದವಿ ನಡದೈತೇನು? ಹೋಗ್ರಿ ಅತ್ಲಾಗ" ಎಂದಳು. ಸುವರ್ಣಾ ಕಣ್ಣೊರೆಸಿಕೊಂಡಳು. ನಾನೂ ಒರೆಸಿಕೊಂಡೆ. ಅಂಥ ಜಾಗದ ಮುಂದೆ ನಿಂತು ಗಂಡ-ಹೆಂಡತಿ ಸಂತೋಷಕ್ಕೆ ಅತ್ತದ್ದು ನಮ್ಮ ಮನೆತನದಲ್ಲಿ ಅದೇ ಮೊದಲಿರಬೇಕು. ಅವ್ವ ಹೊರಗೆ ಬಂದು ಕಣ್ಣು ತೆರೆದುಕೊಂಡೇ ಇಪ್ಪತ್ತು ಹೆಜ್ಜೆ ನಡೆದು ಹೋದಳು.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮುಂದಿನ ವಾರ, ಸಂಜೆಯ ಎಂಟನೆಯ ಟ್ರಿಪ್ಪಿನಲ್ಲಿ, ಸಣ್ಣಜ್ಜ ನಮ್ಮ ಹೊಸ್ತಿಲು ಎಡವಿ ಬಿದ್ದ. ಪಾದ ಉಳುಕಿ ಕುಂಬಳಕಾಯಿಯಾಯಿತು. ಪಟ್ಟಿ ಕಟ್ಟಿ, ಹದಿನೈದು ದಿನ ಮನೆ ಬಿಟ್ಟು ಕದಲಬಾರದೆಂದರು.

ಚಿಲಕ ಸುಮ್ಮನಾಯಿತು. ಮೊದಲ ದಿನ ಅವ್ವ ಕುರ್ಚಿಯಲ್ಲಿ ಕೂತು ಗೇಟಿನ ಕಡೆ ನೋಡುತ್ತಿದ್ದಳು. ಎರಡನೆಯ ದಿನ ಕುರ್ಚಿಗೂ ಬರದೆ ಮಂಚದಲ್ಲೇ ಉಳಿದಳು. ಗಳಿಸಿದ್ದೆಲ್ಲ ಹೋಗುತ್ತದೆಂದು ನನಗೆ ಭಯವಾಯಿತು. ಸಣ್ಣಜ್ಜನ ಟೊಪ್ಪಿಗೆ ತಂದು, ನಾನೇ ಹಾಕಿಕೊಂಡು, ಚಿಲಕ ಬಡಿದು, ಕೆಮ್ಮುತ್ತ ಒಳಗೆ ಬಂದೆ. ಅವ್ವ ಅರ್ಧ ಎದ್ದವಳು ನನ್ನನ್ನು ಕಂಡು ಮತ್ತೆ ಕೂತಳು. "ಟೊಪ್ಪಿಗಿ ಹಾಕ್ಕೊಂಡ್ರ ಮಾವ ಅಕ್ಕೀಯೇನು? ನಿನ್ನ ಹೊಟ್ಟಿ ನಿನ್ನಕ್ಕಿಂತ ಮೊದಲ ಒಳಗ ಬಂತು" ಎಂದಳು.

ಅದೇ ಹೊತ್ತಿಗೆ ಸಣ್ಣಜ್ಜನ ಮನೆಯಿಂದ ಹೇಳಿಕಳಿಸಿದ್ದರು. ಕಾಲು ಚಾಚಿ ಕೂರಲು ಅವನಿಗೆ ನಮ್ಮ ಮನೆಯ ಆ ಆರಾಮದ ಕುರ್ಚಿ ಬೇಕಂತೆ. ನಾನೂ ಸುವರ್ಣಾಳೂ ಮುಖ ಮುಖ ನೋಡಿಕೊಂಡೆವು.

"ಕೊಟ್ಟು ಬಾ" ಎಂದಳು ಅವ್ವ. "ಮಾವಾರು ಬಾಯಿಬಿಟ್ಟು ಕೇಳ್ಯಾರ."

ಬಕೀಟು ತೆಗೆದಿಟ್ಟು, ಮುಚ್ಚಳ ಬಿಗಿದು, ಕೌದಿಯನ್ನು ನಾಲ್ಕೂ ಕಡೆ ಸಿಗಿಸಿ, ಕುರ್ಚಿಯನ್ನು ತಲೆಯ ಮೇಲೆ ಹೊತ್ತು ನಡೆದೆ. ಮಲ್ಲೇಶಪ್ಪ ಮಗ್ಗ ನಿಲ್ಲಿಸಿ ಕಿಟಕಿಗೆ ಬಂದು, "ಪಾಲಿನ್ಯಾಗ ಕುರ್ಚಿ ಅವ್ರ ಕಡೀಗೆ ಹೋತೇನ್ರಿ ಮಾಸ್ತರ?" ಎಂದು ಮರುಗಿದ.

ಮರುದಿನ ಮುಂಜಾನೆ ಅವ್ವ ಸೀರೆ ಬದಲಿಸಿ, ಕೋಲು ಹಿಡಿದು, ಬಾಗಿಲಲ್ಲಿ ನಿಂತಿದ್ದಳು. "ಮಾವಾರನ್ನ ಮಾತಾಡಿಸಿ ಬರೂಣು ನಡಿ" ಎಂದಳು. ಮೂರು ತಿಂಗಳಲ್ಲಿ ಅವ್ವ ಗೇಟು ದಾಟಿದ್ದು ಅದೇ ಮೊದಲು. ನಾನು ತೋಳು ಹಿಡಿಯಲು ಹೋದರೆ ಕೋಲಿನಿಂದ ನನ್ನನ್ನು ಪಕ್ಕಕ್ಕೆ ಸರಿಸಿದಳು. ಮೂರು ಮನೆ ದಾಟಲು ಕಾಲು ಗಂಟೆ ಹಿಡಿಯಿತು. ಪ್ರತಿ ಮನೆಯ ಕಟ್ಟೆಗೂ ಕೈಯಿಟ್ಟು ಉಸಿರು ತೆಗೆದುಕೊಂಡಳು. ನನ್ನ ಕೈ ನನಗೆ ಗೊತ್ತಿಲ್ಲದೆ ಜೇಬಿನಲ್ಲಿದ್ದ ಸೀಟಿಯನ್ನು ಹಿಂಡುತ್ತಿತ್ತು.

ಸಣ್ಣಜ್ಜ ಪಡಸಾಲೆಯಲ್ಲಿ, ಅದೇ ಕುರ್ಚಿಯಲ್ಲಿ, ಪಟ್ಟಿ ಕಟ್ಟಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಕೂತಿದ್ದ. ಬಾಗಿಲಲ್ಲಿ ಅವ್ವನನ್ನು ಕಂಡ. ಅವನ ಎರಡೂ ಕೈ ಹಿಡಿಕೆಯ ಮೇಲೆ ಬಂದವು. ತುಟಿ ಬಿಗಿಯಾಯಿತು. ಒಂದೇ ಕಾಲಿನ ಮೇಲೆ ಭಾರ ಹಾಕಿ ಎದ್ದು ನಿಂತ.

ಸೊಸೆಗೆ ಮಾವ ಎದ್ದು ನಿಲ್ಲುವುದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅವ್ವ ಸೆರಗು ಎಳೆದುಕೊಂಡು ನನಗೆ ಹೇಳಿದಳು: "ಮಾವಾರಿಗೆ ಕುಂಡ್ರಾಕ ಹೇಳು. ಕಾಲು ಬಾತೈತಿ."

ಸಣ್ಣಜ್ಜ ನನಗೆ ಹೇಳಿದ: "ಮೊದಲ ಆಕಿಗೆ ಕುಂಡ್ರಾಕ ಹೇಳು."

"ಮಾವಾರ ಮುಂದ ಕುಂಡ್ರೂ ಪದ್ಧತಿ ಇಲ್ಲಂತ ಹೇಳು."

"ನನ್ನ ಟೊಂಕದ ಮ್ಯಾಲ ಹೊತ್ತು ತಿರಗಿದಾಕಿ ಇವತ್ತು ತನ್ನ ಕಾಲ ಮ್ಯಾಲ ನನ್ನ ಮನೀಗೆ ಬಂದಾಳ. ಆಕಿ ನಿಂತಿರುವಾಗ ನಾ ಕುಂಡ್ರೂದು ಯಾವ ಪದ್ಧತಿ ಅಂತ ಕೇಳು."

ಇಬ್ಬರಿಗೂ ಇಬ್ಬರ ಮಾತೂ ಕೇಳಿಸುತ್ತಿತ್ತು. ಆದರೂ ನಾನು ನಡುವೆ ನಿಂತು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗುತ್ತಿದ್ದೆ. ಅವ್ವನ ಕೋಲು ನಡುಗುತ್ತಿತ್ತು, ಸಣ್ಣಜ್ಜನ ಮೊಣಕಾಲು ನಡುಗುತ್ತಿತ್ತು. ಡಾಕ್ಟರಬಾಯಿಯ ಕಾಗದದಲ್ಲಿ ಕಡ್ಡಿ ಮನುಷ್ಯ ಹತ್ತು ಎಣಿಸುವವರೆಗೆ ನಿಲ್ಲಬೇಕಿತ್ತು. ಇವರಿಬ್ಬರೂ ಅವನನ್ನು ಎಂದೋ ಸೋಲಿಸಿದ್ದರು. ಅಷ್ಟರಲ್ಲಿ, ಏಳುವಾಗ ಸಣ್ಣಜ್ಜನ ಧೋತರಕ್ಕೆ ಸಿಕ್ಕಿದ್ದ ಕೌದಿ ಜಾರುತ್ತ ಜಾರುತ್ತ ಪೂರ್ತಿ ಕೆಳಗೆ ಬಿತ್ತು.

ಸಣ್ಣಜ್ಜ ಹಿಂದೆ ತಿರುಗಿ ನೋಡಿದ.

"ಈರಪ್ಪಾ, ಇದೇನು?"

"ಕುರ್ಚಿ, ಅಜ್ಜಾ."

"ಕುರ್ಚಿಗೆ ಮುಚ್ಚಳ ಯಾಕೈತಿ?"

ನಾನು ಕೆಳಗೆ ಬಿದ್ದ ಕೌದಿ ಮಡಚತೊಡಗಿದೆ.

"ಎರಡು ತಿಂಗಳಿಂದ ನಾ ಇದರ ಮ್ಯಾಲ ಕುಂತು ಚಹಾ ಕುಡದೀನಿ?" ಅವನ ಮುಖ ಕೆಂಪಾಗಿತ್ತು. "ನಾ ಇನ್ನ ಇದರ ಮ್ಯಾಲ ಕುಂಡ್ರಾಂಗಿಲ್ಲ. ಸತ್ರೂ ಕುಂಡ್ರಾಂಗಿಲ್ಲ."

"ಗುರ್ಯಾ."

ಯಾರು ಕರೆದರೆಂದು ನಾನು ಬಾಗಿಲ ಕಡೆ ತಿರುಗಿ ನೋಡಿದೆ. ಬಾಗಿಲಲ್ಲಿ ಯಾರೂ ಇರಲಿಲ್ಲ. ಅವ್ವನ ತಲೆಯ ಮೇಲಿನ ಸೆರಗು ಜಾರಿತ್ತು. ಅವಳು ಅದನ್ನು ಎಳೆದುಕೊಳ್ಳಲಿಲ್ಲ.

"ವರ್ಷದ ಕೂಸಿದ್ದಾಗ ನಿನ್ನ ಇವ ಕಾಲ ಮ್ಯಾಲ ಕುಂಡ್ರಿಸಿಕೊಂಡು ಎರಡಕ್ಕ ಮಾಡ್ಸೀನಿ. ಆವಾಗ ಬರಲಾರದ ನಾಚಿಕಿ ಈಗ ಬರ್ತೈತೇನ್ಲೇ ನಿನಗ? ಮುಚ್ಚಳ ಹಾಕೇತಿ. ಕುಂಡ್ರು ಸುಮ್ನ. ಕಾಲು ಹೆಂಗ ಬಾತೈತಿ ನೋಡು, ಖೋಡಿ ತಂದು."

ಸಣ್ಣಜ್ಜ ಕೂತುಬಿಟ್ಟ. ಕೊಡದ ನೀರು ಚೆಲ್ಲಿ ಸಿಕ್ಕಿಬಿದ್ದ ಹುಡುಗನಂತೆ, ಕೈ ತೊಡೆಯ ಮೇಲಿಟ್ಟುಕೊಂಡು ಕೂತ. ಕಣ್ಣಲ್ಲಿ ನೀರು ತುಂಬಿತ್ತು, ಮುಖದ ತುಂಬ ನಗು ಹರಡಿತ್ತು.

"ಇನ್ನೊಂಚೂರು ಬೈಯವಾ," ಎಂದ.

ಅವ್ವ ಕೋಲನ್ನು ಗೋಡೆಗೆ ಆನಿಸಿಟ್ಟಳು. ಅವನ ಎದುರಿನ ಮಂಚದ ಮೇಲೆ, ಯಾರ ಕೈಯನ್ನೂ ಹಿಡಿಯದೆ, ನಿಧಾನವಾಗಿ ಕೂತಳು. ಕೂತು, ಉಸಿರು ತೆಗೆದುಕೊಂಡು, ಬಯ್ಯಲು ಶುರು ಮಾಡಿದಳು.